ನನ್ನ ಕೈಗೆ ಒಗ್ಗಿದ ಬ್ಯಾಟು

 

ಈ ತಿಂಗಳ ಗೋಡೆ ಪತ್ರಿಕೆಗೆ ಏನಾದರೂ ಬರೆದು ಕೊಡು ಎಂದು ಕನ್ನಡ ಸರ್ ಹೇಳಿದಾಗ, ಟೇಬಲ್ ಟೆನಿಸ್ ಬ್ಯಾಟಿನ ಬಗ್ಗೆ ಬರೆಯುತ್ತೇನೆ ಅಂದೆ. "ಬ್ಯಾಟಿನ ಬಗ್ಗೆ ಬರೀಲಿಕ್ಕ ಏನದ ಬೇ?" ಅಂತ ಗೆಳತಿಯರು ನಕ್ಕರು. ಆದರೆ ನೀವೆಲ್ಲರೂ ನನ್ನನ್ನು ಒಂದು ಪ್ರಶ್ನೆ ಕೇಳುತ್ತಲೇ ಇದ್ದೀರಿ. "ಹೋದ ವರ್ಷ ಕಾರ್ಬನ್ ಬ್ಯಾಟ್ ತಂದಿದ್ದೆಲ್ಲ, ಅದು ಎಲ್ಲಿ ಹೋಯಿತು? ಈಗ ಯಾಕೆ ಈ ಸಾದಾ ಬ್ಯಾಟಿನಿಂದ ಆಡುತ್ತಿ?" ಅಂತ. ಅದಕ್ಕೆ ಇವತ್ತು ಉತ್ತರ ಬರೆಯುತ್ತಿದ್ದೇನೆ. ಇದರಲ್ಲಿ ನನ್ನ ತಪ್ಪೂ ಇದೆ. ಅದನ್ನೂ ಮುಚ್ಚಿಡುವುದಿಲ್ಲ.

ನಮ್ಮ ಶಾಲೆಯ ವರಾಂಡದಲ್ಲಿ ಟೇಬಲ್ ಇರುವುದು ನಿಮಗೆ ಗೊತ್ತೇ ಇದೆ. ಗಣಿತ ಸರ್ ಟೇಪ್ ಕೊಟ್ಟು ಒಮ್ಮೆ ನಮ್ಮಿಂದಲೇ ಅದನ್ನು ಅಳೆಯಿಸಿದ್ದರು. ಉದ್ದ 2.74 ಮೀಟರ್, ಅಗಲ 1.525 ಮೀಟರ್, ಎತ್ತರ 76 ಸೆಂಟಿಮೀಟರ್. ಶಾಲೆಯ ಬ್ಯಾಟುಗಳು ನಾಲ್ಕು. ನಾಲ್ಕರದೂ ರಬ್ಬರು ಅಂಚಿನಲ್ಲಿ ಎದ್ದು ಬಂದಿತ್ತು. ಪಂಕ್ಚರ್ ಅಂಗಡಿಯಿಂದ ಸೈಕಲ್ ಸೊಲ್ಯೂಷನ್ ತಂದು ಅಂಟಿಸಿಕೊಂಡು ಆಡುತ್ತಿದ್ದೆವು. ಆ ಬ್ಯಾಟಿನಿಂದಲೇ ನಾನು ಆಟ ಕಲಿತೆ. ನನ್ನ ಆಟ ಹೊಡೆತದ ಆಟವಲ್ಲ. ಟೇಬಲ್ಲಿನಿಂದ ಒಂದು ಹೆಜ್ಜೆ ಹಿಂದೆ ನಿಂತು ಬಂದ ಚೆಂಡನ್ನೆಲ್ಲ ತಿರುಗಿ ಕಳಿಸುವುದು, ಎದುರಿನವರು ಬೇಸತ್ತು ತಪ್ಪು ಮಾಡುವ ತನಕ ಕಾಯುವುದು. ನನ್ನ ಗೆಳತಿಯದು ಇದಕ್ಕೆ ತೀರ ಉಲ್ಟಾ. ಚೆಂಡು ಸ್ವಲ್ಪ ಎದ್ದರೆ ಸಾಕು, ಬಾರಿಸಿಬಿಡುತ್ತಾಳೆ.

ಹೋದ ವರ್ಷ ಜನವರಿಯಲ್ಲಿ ನಮ್ಮವ್ವ ತೊಗರಿ ಕೊಯ್ಯಲು ಕೂಲಿಗೆ ಹೋಗಿದ್ದಳು. ಎಂಟು ದಿನದ ಕೂಲಿ, 2,200 ರೂಪಾಯಿ, ನನ್ನ ಕೈಗೆ ಕೊಟ್ಟು, "ಸ್ವಂತ ಬ್ಯಾಟ್ ಬೇಕಂತ ಎರಡು ವರ್ಷದಿಂದ ಕೇಳ್ಲತ್ತಿ. ತಗೋ, ಖರೆ ಛಂದ ನೋಡಿ ತಗೋ" ಅಂದಳು. ತೊಗರಿ ಕೊಯ್ದು ಅವಳ ಅಂಗೈ ಬಿರುಕು ಬಿಟ್ಟಿತ್ತು. ರೊಕ್ಕ ತಗೊಳ್ಳುವಾಗ ಅದನ್ನು ನೋಡಿದ್ದೆ.

ಕಾಕಾನ ಸಂಗಡ ಕಮಲಾಪುರಕ್ಕೆ ಬಂದು ಕಲಬುರಗಿ ಬಸ್ ಹತ್ತಿದೆ. 2023ರಿಂದ ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ರೊಕ್ಕ ಇಲ್ಲವಲ್ಲ, ಕಾಕಾ ಮಾತ್ರ ಕೊಟ್ಟರು. ದಾರಿಯುದ್ದಕ್ಕೂ ನನಗೆ ಬ್ಯಾಟಿನದೇ ಕನಸು. ಸೂಪರ್ ಮಾರ್ಕೆಟ್ ಕಡೆ ತಿರುಗಾಡಿ ಕೊನೆಗೆ ಒಂದು ಆಟದ ಸಾಮಾನಿನ ಅಂಗಡಿಗೆ ಹೋದೆವು. ಗೋಡೆ ತುಂಬ ಬ್ಯಾಟುಗಳು! ಅಂಗಡಿಯವರು ಮೊದಲು ಕೇಳಿದ್ದು "ಎಷ್ಟರದು ಬೇಕು?" ಅಂತ. ಕಾಕಾ ಇದ್ದ ರೊಕ್ಕ ಹೇಳಿಬಿಟ್ಟರು. "ಹಂಗಾದ್ರ ಇದು ತಗೊಳ್ರಿ, ಒಳಗ ಕಾರ್ಬನ್ ಅದ, ಭಾಳ ಸ್ಪೀಡ್" ಅಂತ ಹೊಳೆಯುವ ಕವರಿನದೊಂದು ತೆಗೆದಿಟ್ಟರು. ಕೈಯಲ್ಲಿ ಹಿಡಿದು ಎರಡು ಸಲ ಚೆಂಡು ಪುಟಿಸಿ ನೋಡುವುದೂ ನನಗೆ ಹೊಳೆಯಲಿಲ್ಲ. ಸ್ಪೀಡ್ ಅಂದ ಕೂಡಲೇ ಒಪ್ಪಿಬಿಟ್ಟೆ. ನಾನು ಸ್ಪೀಡಿನ ಆಟಗಾರಳೇ ಅಲ್ಲ ಎಂಬುದು ಆಗ ನೆನಪೇ ಆಗಲಿಲ್ಲ.

ಮರುದಿನ ಶಾಲೆಯಲ್ಲಿ ಎಲ್ಲರೂ ಮುಟ್ಟಿ ಮುಟ್ಟಿ ನೋಡಿದಿರಿ. ಆದರೆ ಆಡಲು ನಿಂತರೆ ಚೆಂಡು ನನ್ನ ಮಾತು ಕೇಳಲಿಲ್ಲ. ಮೆಲ್ಲಗೆ ತಳ್ಳಿದರೂ ಟೇಬಲ್ ದಾಟಿ ಹೋಗಿ ಗೋಡೆಗೆ ಬಡಿಯುತ್ತಿತ್ತು. ರೂಢಿಯಾದರೆ ಸರಿ ಹೋಗುತ್ತದೆ ಎಂದುಕೊಂಡೆ. ಏಳು ತಿಂಗಳು ಆಡಿದರೂ ಸರಿ ಹೋಗಲಿಲ್ಲ. ಆಗಸ್ಟಿನಲ್ಲಿ ಕಮಲಾಪುರದ ತಾಲ್ಲೂಕು ಮಟ್ಟದ ಪಂದ್ಯದಲ್ಲಿ ಮೊದಲನೇ ಸುತ್ತಿಗೇ ಸೋತೆ. 11–4, 11–3, 11–5. ಎದುರಿನ ಹುಡುಗಿ ಮೂರು ಆಟದಲ್ಲಿ ಜಾಸ್ತಿ ಹೊಡೆಯಲೇ ಇಲ್ಲ. ನಾನೇ ಹೊರಗೆ ಹಾಕಿ ಹಾಕಿ ಅವಳನ್ನು ಗೆಲ್ಲಿಸಿದೆ.

"ಬ್ಯಾಟ್ ಸರಿ ಇಲ್ರಿ ಸರ್" ಅಂದಾಗ ಪಿ.ಟಿ. ಸರ್, "ಕುಣಿಯಲಾರದವಳು ನೆಲ ಡೊಂಕು ಅಂದಳಂತ" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಯಲ್ಲಿ ಅವ್ವ "ಏನಾಯ್ತು?" ಅಂತ ಕೇಳಿದಳು. ಎರಡನೇ ಸುತ್ತಿನಲ್ಲಿ ಸೋತೆ ಎಂದು ಸುಳ್ಳು ಹೇಳಿದೆ. ಎಂಟು ದಿನದ ಕೂಲಿ ತಿಂದ ಬ್ಯಾಟು ಒಂದು ಸುತ್ತೂ ಗೆಲ್ಲಲಿಲ್ಲ ಎಂದು ಹೇಳಲು ಬಾಯಿ ಬರಲಿಲ್ಲ.

ನನ್ನ ಗೆಳತಿ ತಾಲ್ಲೂಕಿನಲ್ಲಿ ಗೆದ್ದು ಜಿಲ್ಲೆಗೆ ಆಯ್ಕೆಯಾದಳು. ಅವಳಿಗೆ ಜೊತೆ ಬೇಕೆಂದು ಸರ್ ನನ್ನನ್ನೂ ಕಲಬುರಗಿಗೆ ಕರೆದುಕೊಂಡು ಹೋದರು. ಅಲ್ಲಿ ನಗರದ ಮಕ್ಕಳಿಗೆ ಆಟ ಕಲಿಸುವ ಹಿರಿಯರೊಬ್ಬರಿದ್ದರು. ನನ್ನ ಬ್ಯಾಟು ಕೇಳಿ ತಗೊಂಡು, ಬೆರಳಿನಿಂದ ಟಕಟಕ ಬಡಿದು ನೋಡಿದರು, ಚೆಂಡು ಪುಟಿಸಿ ನೋಡಿದರು. ಆಮೇಲೆ, "ತಂಗಿ, ನೀ ಹ್ಯಾಂಗ ಆಡ್ತಿ?" ಅಂತ ಕೇಳಿದರು. ನನ್ನನ್ನು ಹೀಗೆ ಕೇಳಿದವರು ಅವರೇ ಮೊದಲಿಗರು. ನಾನು ಹೇಳಿದೆ. "ಮತ್ತ ಇದು ನಿನ್ನ ಬ್ಯಾಟ್ ಅಲ್ಲವ್ವಾ. ನಿನ್ನ ಗೆಳತೀದು" ಅಂದರು. ಪಂದ್ಯಗಳ ನಡುವೆ ಅವರು ಹೇಳಿಕೊಟ್ಟದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಅದನ್ನೇ ಇಲ್ಲಿ ಕೊಡುತ್ತೇನೆ.

ಬ್ಯಾಟಿನಲ್ಲಿ ಎರಡು ಭಾಗ. ಮೊದಲನೆಯದು ಬ್ಲೇಡ್. ಗಡ್ಡ ಹೆರೆಯುವ ಬ್ಲೇಡ್ ಅಲ್ಲ, ಹಿಡಿಕೆ ಸಮೇತ ಇರುವ ಕಟ್ಟಿಗೆಯ ಹಲಗೆ. ತೆಳು ತೆಳು ಕಟ್ಟಿಗೆಯ ಪದರಗಳನ್ನು ಒಂದರ ಮೇಲೊಂದು ಅಂಟಿಸಿ ಮಾಡುತ್ತಾರೆ. ಸಾಮಾನ್ಯವಾಗಿ ಐದು ಪದರ ಇಲ್ಲವೇ ಏಳು ಪದರ. ಹಲಗೆಯ ದಪ್ಪದಲ್ಲಿ ನೂರಕ್ಕೆ 85 ಭಾಗವಾದರೂ ಕಟ್ಟಿಗೆಯೇ ಇರಬೇಕೆಂದು ನಿಯಮವಿದೆ. ಉಳಿದದ್ದರಲ್ಲಿ ಕಾರ್ಬನ್ನಿನಂತಹ ನಾರು ಹಾಕಬಹುದು. ಕಾರ್ಬನ್ ಹಲಗೆ ಬಿಗಿಯಾಗಿರುತ್ತದೆ. ಚೆಂಡು ತಾಗಿದ ಕೂಡಲೇ ಚಿಮ್ಮುತ್ತದೆ. ಬರೀ ಕಟ್ಟಿಗೆಯ ತೆಳು ಐದು ಪದರದ ಹಲಗೆ ಸ್ವಲ್ಪ ಬಾಗುತ್ತದೆ. ಚೆಂಡು ಬ್ಯಾಟಿನ ಮೇಲೆ ಕಣ್ಣಿಗೆ ಕಾಣದಷ್ಟು ಹೊತ್ತು ಹೆಚ್ಚು ನಿಂತು ಹೋಗುತ್ತದೆ. ಆ ಸ್ವಲ್ಪ ಹೊತ್ತಿನಲ್ಲೇ ನಮ್ಮ ಕೈ ಅದಕ್ಕೆ ದಾರಿ ತೋರಿಸುತ್ತದೆ. ಚೆಂಡಿನ ತೂಕ ಬರೀ 2.7 ಗ್ರಾಂ. ಅಷ್ಟು ಹಗುರ ಚೆಂಡಿಗೆ ಇಷ್ಟು ಸಣ್ಣ ವ್ಯತ್ಯಾಸವೂ ದೊಡ್ಡದೇ.

ಎರಡನೆಯದು ರಬ್ಬರು. ಅದರಲ್ಲಿಯೂ ಎರಡು: ಮೇಲಿನ ರಬ್ಬರ್ ಹಾಳೆ, ಕೆಳಗಿನ ಸ್ಪಂಜು. ಸ್ಪಂಜು ದಪ್ಪವಾದಷ್ಟು ವೇಗ ಜಾಸ್ತಿ, ಚೆಂಡು ತಿರುಗಿಸುವ ಶಕ್ತಿಯೂ ಜಾಸ್ತಿ, ಆದರೆ ಹಿಡಿತ ಕಡಿಮೆ. ಹೊಡೆಯುವವರು 2 ಮಿಲಿಮೀಟರಿನ ಆಸುಪಾಸು ತಗೊಳ್ಳುತ್ತಾರೆ. ಕಾದು ಆಡುವವರಿಗೆ, ಹೊಸಬರಿಗೆ 1.5ರಿಂದ 1.8 ಸಾಕು. ಹಾಳೆ, ಸ್ಪಂಜು, ಅಂಟು ಎಲ್ಲ ಸೇರಿ 4 ಮಿಲಿಮೀಟರ್ ಮೀರಬಾರದು. ಹಾಳೆಯ ಒಂದು ಬದಿ ನುಣುಪು, ಇನ್ನೊಂದು ಬದಿ ಗುಳ್ಳೆ. ನುಣುಪು ಬದಿ ಹೊರಗಿದ್ದರೆ ಚೆಂಡನ್ನು ಚೆನ್ನಾಗಿ ತಿರುಗಿಸಬಹುದು. ಗುಳ್ಳೆ ಹೊರಗಿದ್ದರೆ ಬೇರೆ ಆಟ. ಅದರಲ್ಲೂ ಉದ್ದ ಗುಳ್ಳೆಯ ರಬ್ಬರು ಎದುರಿನವರು ಹಾಕಿದ ತಿರುಗನ್ನೇ ಅವರಿಗೆ ಉಲ್ಟಾ ಮಾಡಿ ಕಳಿಸುತ್ತದೆ. ಅದಕ್ಕೇ ಒಂದು ಬದಿ ಕಪ್ಪು, ಇನ್ನೊಂದು ಬದಿ ಬೇರೆ ಗಾಢ ಬಣ್ಣ ಇರಬೇಕೆಂಬ ನಿಯಮ ಬಂತು. ಯಾವ ಬದಿಯಿಂದ ಹೊಡೆದರು ಎಂದು ಎದುರಿನವರಿಗೆ ತಿಳಿಯಬೇಕಲ್ಲ! ಮೊದಲು ಕಪ್ಪು ಮತ್ತು ಕೆಂಪು ಮಾತ್ರ ಇದ್ದವು. 2021ರಿಂದ ಕೆಂಪಿನ ಜಾಗದಲ್ಲಿ ಹಸಿರು, ನೀಲಿ, ಗುಲಾಬಿ, ನೇರಳೆ ಬಣ್ಣವೂ ನಡೆಯುತ್ತದೆ.

ಬರೀ ರಬ್ಬರಿನಿಂದ ಆಟವೇ ಬದಲಾದ ಕಥೆ ನಮ್ಮ ದೇಶದಲ್ಲೇ ನಡೆದಿದೆಯಂತೆ. 1952ರಲ್ಲಿ ಮುಂಬಯಿಯಲ್ಲಿ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು. ಜಪಾನಿನ ಹಿರೋಜಿ ಸಾಟೋ ಎಂಬವರು ದಪ್ಪ ಸ್ಪಂಜು ಅಂಟಿಸಿದ ಬ್ಯಾಟು ತಂದಿದ್ದರು. ಆ ತನಕ ಎಲ್ಲರೂ ಟಕ್ ಟಕ್ ಸಪ್ಪಳ ಕೇಳಿ ಆಡುತ್ತಿದ್ದವರು. ಅವರ ಬ್ಯಾಟಿಗೆ ಸಪ್ಪಳವೇ ಇಲ್ಲ! ಎದುರಿನವರಿಗೆ ಚೆಂಡಿನ ಅಂದಾಜೇ ಸಿಗಲಿಲ್ಲ. ಅವರು ಪುರುಷರ ಸಿಂಗಲ್ಸ್ ಗೆದ್ದರು. ದಪ್ಪಕ್ಕೆ ಮಿತಿ ಹಾಕಿದ್ದು ಆಮೇಲೆ, 1959ರಲ್ಲಿ. ನಮ್ಮ ಮನಿಕಾ ಬಾತ್ರಾ ಅವರೂ ಹಿಂಗೈ ಬದಿಗೆ ಉದ್ದ ಗುಳ್ಳೆಯ ರಬ್ಬರು ಹಾಕಿಕೊಂಡೇ ಆಡುತ್ತಾ 2018ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಮಹಿಳೆಯರ ಸಿಂಗಲ್ಸ್ ಚಿನ್ನ ಗೆದ್ದರು.

ಇದನ್ನು ಕೇಳಿ ನಾನೂ "ಉದ್ದ ಗುಳ್ಳೀದ ಹಾಕ್ಲೇನ್ರಿ ಸರ್?" ಅಂದೆ. ಹಿರಿಯರು ನಕ್ಕು, "ಈಗರೇ ಸ್ಪೀಡ್ ಅಂತ ಕೇಳಿ ಮೋಸ ಹೋದಿ. ಈಗ ಮತ್ತೊಬ್ಬರದು ನೋಡಿ ತಗೊಳ್ತಿಯೇನು? ಮೊದಲು ನುಣುಪು ರಬ್ಬರಿನಾಗ ಎರಡೂ ಕಡಿ ಕೈ ಕುಂದ್ರಲಿ" ಅಂದರು. ತಮ್ಮ ಶಿಷ್ಯನೊಬ್ಬನ ಹಳೇ ಬ್ಯಾಟು ಕೊಟ್ಟು ಆಡಿಸಿದರು. ಐದು ಪದರದ ಕಟ್ಟಿಗೆ, ತೆಳು ಸ್ಪಂಜು. ನಾನು ತಳ್ಳಿದ ಚೆಂಡು ನೆಟ್ ದಾಟಿ ಟೇಬಲ್ಲಿನ ಮೇಲೆಯೇ ಬಿತ್ತು. ಮತ್ತೆ ತಳ್ಳಿದೆ, ಮತ್ತೆ ಬಿತ್ತು. ಏಳು ತಿಂಗಳ ಮೇಲೆ ನನ್ನ ಆಟ ನನಗೆ ವಾಪಸ್ ಸಿಕ್ಕಂತಾಯಿತು. ನನಗೆ ಅಳು ಬಂತು. ಬೆವರು ಒರೆಸಿಕೊಂಡಂತೆ ಮಾಡಿದೆ.

ಬರುವಾಗ ಬಸ್ಸಿನಲ್ಲಿ ಪಿ.ಟಿ. ಸರ್ ತಾವಾಗಿಯೇ, "ಆ ದಿನ ನಾ ಗಾದೆ ಮಾತು ಹೇಳಬಾರದಿತ್ತು. ನೆಲಾ ಖರೇನೆ ಜರಾ ಡೊಂಕ ಇತ್ತು" ಅಂದರು. ಇದನ್ನು ಬರೆಯಬಹುದೇ ಎಂದು ಸರ್ ಅವರನ್ನು ಕೇಳಿಯೇ ಬರೆದಿದ್ದೇನೆ.

ಇನ್ನು ಅವ್ವನಿಗೆ ಹೇಳುವುದು ಉಳಿದಿತ್ತು. ರಾತ್ರಿ ಅವಳು ರೊಟ್ಟಿ ಬಡಿಯುತ್ತಿದ್ದಳು. ಒಲೆ ಮುಂದೆ ಕೂತು ಎಲ್ಲ ಹೇಳಿದೆ. ಮೊದಲನೇ ಸುತ್ತಿಗೇ ಸೋತದ್ದು, ಸುಳ್ಳು ಹೇಳಿದ್ದು, ನೋಡದೆ ತಗೊಂಡದ್ದು. ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ರೊಟ್ಟಿ ತಿರುವಿ ಹಾಕಿ, "ನಾ ಕುಡಗೋಲ ತಗೊಳ್ಳಾಗ ಕೈಯಾಗ ಹಿಡದು ನಾಕ ಸಲ ಬೀಸಿ ನೋಡ್ತೀನಿ. ನಿಮ್ಮ ದೊಡ್ಡವ್ವನ ಕುಡಗೋಲ ನನಗ ಬರಾಂಗಿಲ್ಲ, ಅಕೀ ಕೈ ಉದ್ದ. ಮಂದೀದು ಹಿಡಕೊಂಡು ಹೊಲಕ್ಕ ಹೋದ್ರ ಬೆಳೀನೂ ಹೋಗ್ತದ, ಬೆಳ್ಳೂ ಹೋಗ್ತದ" ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ಸುಳ್ಳ ಯಾಕ ಹೇಳ್ದಿ? ನೀ ಸೋತ್ರ ನಾ ಏನ ಅಂತಿದ್ದೆ?" ಅಂದಳು. ರೊಕ್ಕದ ಮಾತು ಎತ್ತಲೇ ಇಲ್ಲ. ಅದಕ್ಕೇ ನನಗೆ ಹೆಚ್ಚು ಸಂಕಟವಾಯಿತು.

ಆಮೇಲೆ ನಡೆದದ್ದು ಇಷ್ಟು. ಕಾರ್ಬನ್ ಬ್ಯಾಟನ್ನು ನನ್ನ ಗೆಳತಿ 1,200 ರೂಪಾಯಿಗೆ ತಗೊಂಡಳು. ದೀಪಾವಳಿಗೆ ಅರ್ಧ, ಯುಗಾದಿಗೆ ಅರ್ಧ ಕೊಟ್ಟಳು. ಅವಳ ಕೈಯಲ್ಲಿ ಅದೇ ಬ್ಯಾಟು ಹೇಗೆ ಆಡುತ್ತದೆ ಎಂದು ನೀವೇ ನೋಡುತ್ತಿದ್ದೀರಿ. ಬೇಸಿಗೆ ರಜೆಯಲ್ಲಿ ನಾನು ಕಮಲಾಪುರದಲ್ಲಿ ರಸ್ತೆ ಬದಿ ಆಯಿಯ ಸಂಗಡ ಕೂತು ಕೆಂಪು ಬಾಳೆಹಣ್ಣು ಮಾರಿದೆ. ಆಯಿ 700 ರೂಪಾಯಿ ಕೊಟ್ಟಳು. ಜೂನಿನಲ್ಲಿ ಪಿ.ಟಿ. ಸರ್ ಸಂಗಡ ಕಲಬುರಗಿಗೆ ಹೋಗಿ ಹಲಗೆ ಬೇರೆ, ರಬ್ಬರು ಬೇರೆ ತಗೊಂಡೆ. ಈ ಸಲ ಹತ್ತು ನಿಮಿಷ ಹಿಡಿದು ನೋಡಿದೆ. ಅಂಗಡಿಯವರಿಗೆ ಬೇಸರ ಬಂದಿರಬೇಕು, ಆದರೂ ಬಿಡಲಿಲ್ಲ. ಈ ವರ್ಷ ತಾಲ್ಲೂಕಿನಲ್ಲಿ ಎರಡು ಸುತ್ತು ಗೆದ್ದೆ, ಮೂರನೆಯದರಲ್ಲಿ ಸೋತೆ. ಯಾರು ಸೋಲಿಸಿದರು ಗೊತ್ತೇ? ನನ್ನ ಹಳೇ ಬ್ಯಾಟು ಹಿಡಿದ ನನ್ನ ಗೆಳತಿ! ಆದರೆ ಐದನೇ ಆಟದಲ್ಲಿ, 12–10ಕ್ಕೆ.

ಬ್ಯಾಟು ತಗೊಳ್ಳುವವರಿಗೆ ನಾನು ಹೇಳುವ ಮಾತುಗಳು ಇವು:

1. ಅಂಗಡಿಗೆ ಹೋಗುವ ಮುಂಚೆ ನಿಮ್ಮ ಆಟ ಯಾವುದೆಂದು ತಿಳಿದುಕೊಳ್ಳಿರಿ. ನಿಮಗೆ ತಿಳಿಯದಿದ್ದರೆ ನಿಮ್ಮ ಎದುರು ಆಡುವವರನ್ನು ಕೇಳಿರಿ.

2. ಹೊಸಬರು ಕಾರ್ಬನ್ ಬಿಟ್ಟು ಬರೀ ಕಟ್ಟಿಗೆಯ ಐದು ಪದರದ ಹಲಗೆ, ತೆಳು ಸ್ಪಂಜು ತಗೊಳ್ಳಿರಿ. ಕೈ ಕೂತ ಮೇಲೆ ರಬ್ಬರು ಮಾತ್ರ ಬದಲಿಸಬಹುದು. ಹಲಗೆ ವರ್ಷಗಟ್ಟಲೆ ಬರುತ್ತದೆ.

3. ಹಿಡಿಕೆ ಕೈಯಲ್ಲಿ ತುಂಬಿ ಕೂಡಬೇಕು. ಜಾರಬಾರದು, ಬೆರಳು ನೋಯಬಾರದು. ಭಾರವಾದ ಬ್ಯಾಟು ಸಣ್ಣ ಕೈಗೆ ಬೇಡ.

4. ನಮ್ಮೂರ ಧೂಳು ರಬ್ಬರಿನ ವೈರಿ. ಆಟ ಮುಗಿದ ಮೇಲೆ ಒದ್ದೆ ಬಟ್ಟೆಯಿಂದ ಒರೆಸಿ ಚೀಲದಲ್ಲಿ ಇಡಿರಿ. ಬಿಸಿಲಿಗೆ ಇಡಬೇಡಿರಿ.

5. ಸೈಕಲ್ ಸೊಲ್ಯೂಷನ್ ಹಚ್ಚಬೇಡಿರಿ. ವಾಸನೆ ಹೊಡೆಯುವ ಅಂತಹ ಅಂಟುಗಳನ್ನು ಆರೋಗ್ಯಕ್ಕೆ ಕೆಟ್ಟದ್ದೆಂದು 2008ರಲ್ಲೇ ಆಟದಿಂದ ತೆಗೆದುಹಾಕಿದ್ದಾರೆ. ನೀರಿನ ಅಂಟು ಬೇರೆ ಸಿಗುತ್ತದೆ.

6. ಕೊನೆಯದು. ತಗೊಂಡದ್ದು ಕೈಗೆ ಒಗ್ಗದಿದ್ದರೆ ಮನೆಯಲ್ಲಿ ಮುಚ್ಚಿಡಬೇಡಿರಿ. ಹೇಳಿಬಿಡಿರಿ. ನಾನು ಮೊದಲೇ ಹೇಳಿದ್ದರೆ ಏಳು ತಿಂಗಳು ಉಳಿಯುತ್ತಿತ್ತು.

ತಪ್ಪಿದ್ದರೆ ಗುರುಗಳು ತಿದ್ದಬೇಕು. ನನ್ನ ಬ್ಯಾಟು ಆಡಿ ನೋಡಬೇಕೆನ್ನುವವರು ಮಧ್ಯಾಹ್ನ ಊಟದ ಬಿಡುವಿನಲ್ಲಿ ಬರ್ರಿ. ಕೈ ತೊಳಕೊಂಡು ಬರ್ರಿ.

— ಒಂಬತ್ತನೆಯ ತರಗತಿಯ ವಿದ್ಯಾರ್ಥಿನಿ