ಹೋಗೆಂದರೂ ಹೋಗದ ಬೀಗದಕೈ

ಚಿಕ್ಕಮ್ಮನ ಫೋನಿನ ಮೇಲಂಚಿನಲ್ಲಿ, ಬ್ಯಾಟರಿ ಗುರುತಿನ ಮಗ್ಗುಲಿಗೆ, ಪುಟ್ಟದೊಂದು ಬೀಗದಕೈ ಚಿತ್ರ. ಬ್ಯಾಂಕಿನ ಆ್ಯಪ್ ತೆರೆದರೆ ವಿಪಿಎನ್ ಆಫ್ ಮಾಡಿ ಬನ್ನಿ ಎಂಬ ಸೂಚನೆ ಬಂದು ಅಲ್ಲಿಗೇ ನಿಂತುಬಿಡುತ್ತದೆ. ಪಿಂಚಣಿ ಜಮಾ ಆಯಿತೋ ಇಲ್ಲವೋ ನೋಡಬೇಕು ಅವರಿಗೆ. ‘ನಾನು ಯಾವ ವಿಪಿಎನ್ನೂ ಹಾಕ್ಕೊಂಡಿಲ್ಲ ಕಣೋ, ಇದೆಲ್ಲಿಂದ ಬಂತು?’ ಎನ್ನುತ್ತಾರೆ. ನನಗೂ ಅದೇ ಪ್ರಶ್ನೆ.

*

ಪರದೆಯನ್ನು ಮೇಲಿಂದ ಎಳೆದು ನೋಡಿದೆ. ನೋಟಿಫಿಕೇಶನ್ ಸಾಲಿನಲ್ಲಿ ಒಂದು ಉಚಿತ ವಿಪಿಎನ್ ಆ್ಯಪಿನ ಹೆಸರಿದೆ. ಒಳಗೆ ಹೋದರೆ ನಡುಮಧ್ಯೆ ದೊಡ್ಡ ಹಸಿರು ಗುಂಡಿ. ಒತ್ತಿದರೆ ಬೂದು ಬಣ್ಣಕ್ಕೆ ತಿರುಗಿತು, ಬೀಗದಕೈ ಮಾಯವಾಯಿತು, ಬ್ಯಾಂಕಿನ ಆ್ಯಪೂ ತೆರೆದುಕೊಂಡಿತು. ಕೆಲಸ ಮುಗಿಯಿತು ಅಂದುಕೊಳ್ಳುವಷ್ಟರಲ್ಲಿ ಚಿಕ್ಕಮ್ಮ ಹಾಲಿಗೆಂದು ಹೊರಟರು. ಗೇಟು ದಾಟಿ, ಫೋನು ಮನೆಯ ವೈಫೈ ಬಿಟ್ಟು ಮೊಬೈಲ್ ಡೇಟಾ ಹಿಡಿದದ್ದೇ ತಡ, ಬೀಗದಕೈ ಮತ್ತೆ ಹಾಜರು.

ಫೋನ್ ರೀಸ್ಟಾರ್ಟ್ ಮಾಡಿದರೂ ಹಾಜರು.

ತೆರೆದ ಆ್ಯಪುಗಳ ಪಟ್ಟಿಯಿಂದ ಅದನ್ನು ಮೇಲಕ್ಕೆ ತಳ್ಳಿ ಮುಚ್ಚಿದರೆ ಬೀಗದಕೈ ಕದಲುವುದೇ ಇಲ್ಲ. ಇದಕ್ಕೆ ಕಾರಣ ತಿಳಿಯಿತು: ನಾವು ತಳ್ಳುವುದು ಆ್ಯಪಿನ ಮುಖವನ್ನು ಮಾತ್ರ. ವಿಪಿಎನ್ ಹಿನ್ನೆಲೆಯಲ್ಲಿ ನಡೆಯುವ ಬೇರೆಯೇ ಸೇವೆ. ಮುಖ ಮರೆಯಾದರೂ ಅದು ಓಡುತ್ತಲೇ ಇರುತ್ತದೆ.

*

ಎರಡು ಬಾರಿ ವಾಪಸ್ ಬಂದದ್ದು ಒಂದೇ ಕಾರಣಕ್ಕೋ, ಬೇರೆ ಬೇರೆ ಕಾರಣಕ್ಕೋ?

ಆ್ಯಪಿನ ಸ್ವಂತ ಸೆಟ್ಟಿಂಗ್ಸ್ ತೆರೆದೆ. ‘ಆಟೋ ಕನೆಕ್ಟ್’ ಎಂಬ ಸಾಲು ಆನ್ ಆಗಿತ್ತು. ನೆಟ್‌ವರ್ಕ್ ಬದಲಾದ ಕೂಡಲೇ ತಾನೇ ಸೇರಿಕೋ ಎಂಬ ಅಪ್ಪಣೆ ಅದು. ಗೇಟಿನ ಬಳಿ ಆದದ್ದು ಇದರಿಂದ. ಆಫ್ ಮಾಡಿದ ಮೇಲೆ ವೈಫೈಯಿಂದ ಡೇಟಾಕ್ಕೆ ಹೋದರೂ ಬೀಗದಕೈ ಬರಲಿಲ್ಲ. ರೀಸ್ಟಾರ್ಟ್ ಮಾಡಿದರೆ ಮಾತ್ರ ಮತ್ತೆ ಬಂತು. ಹಾಗಾದರೆ ಎರಡನೆಯ ಅಪ್ಪಣೆ ಈ ಆ್ಯಪಿನ ಒಳಗಿಲ್ಲ.

*

ಸಿಕ್ಕಿತು. ಫೋನಿನದೇ ಸೆಟ್ಟಿಂಗ್ಸ್, ಅದರಲ್ಲಿ ನೆಟ್‌ವರ್ಕ್ ಮತ್ತು ಇಂಟರ್ನೆಟ್, ಅದರಲ್ಲಿ ವಿಪಿಎನ್. (ಸ್ಯಾಮ್‌ಸಂಗ್ ಫೋನುಗಳಲ್ಲಾದರೆ ಕನೆಕ್ಷನ್ಸ್ ಒಳಗೆ ಮೋರ್ ಕನೆಕ್ಷನ್ ಸೆಟ್ಟಿಂಗ್ಸ್, ಅಲ್ಲಿ ವಿಪಿಎನ್.) ಆ್ಯಪಿನ ಹೆಸರಿನ ಬಲಕ್ಕೆ ಹಲ್ಲುಚಕ್ರದ ಸಣ್ಣ ಗುರುತು. ಹೆಸರನ್ನು ಒತ್ತಿದರೆ ಈ ಪುಟ ಬರುವುದಿಲ್ಲ, ಆ ಚಕ್ರವನ್ನೇ ಒತ್ತಬೇಕು. ಚಿಕ್ಕಮ್ಮನಂಥವರು ಇಲ್ಲಿಗೆ ಬರುವುದಾದರೂ ಹೇಗೆ?

ಆ ಪುಟದಲ್ಲಿ ಮೇಲೆ ‘ಆಲ್ವೇಸ್ ಆನ್ ವಿಪಿಎನ್’. ಅದರ ಕೆಳಗೆ, ವಿಪಿಎನ್ ಇಲ್ಲದ ಸಂಪರ್ಕವನ್ನೆಲ್ಲ ತಡೆ ಎನ್ನುವ ಇನ್ನೊಂದು ಸ್ವಿಚ್. ಕೊನೆಯಲ್ಲಿ ‘ಫರ್ಗೆಟ್ ವಿಪಿಎನ್’. ಚಿಕ್ಕಮ್ಮನ ಫೋನಿನಲ್ಲಿ ಮೊದಲನೆಯದು ಆನ್ ಇತ್ತು. ಆಫ್ ಮಾಡಿ ರೀಸ್ಟಾರ್ಟ್ ಮಾಡಿದೆವು. ಬೀಗದಕೈ ಬರಲಿಲ್ಲ.

*

ವಿಪಿಎನ್ ಹೀಗೆ ತಾನಾಗಿ ಮರಳುವುದು ದೋಷವಲ್ಲ, ಬೇಕೆಂದೇ ಮಾಡಿದ ಏರ್ಪಾಡು. ಆಂಡ್ರಾಯ್ಡಿನಲ್ಲಿ ಸಾಮಾನ್ಯ ಆ್ಯಪುಗಳೂ ವಿಪಿಎನ್ ನಡೆಸುವ ಅವಕಾಶ ಬಂದದ್ದು 2011ರ 4.0 ಆವೃತ್ತಿಯಲ್ಲಿ. ಇಂಥ ಆ್ಯಪನ್ನು ಸದಾ ಆನ್ ಇಡುವ ಸ್ವಿಚ್ 2016ರ 7.0ರಲ್ಲಿ ಬಂತು, ಅದಿಲ್ಲದೆ ಇಂಟರ್ನೆಟ್ಟೇ ಬೇಡ ಎನ್ನುವ ಸ್ವಿಚ್ 2017ರ 8.0ರಲ್ಲಿ. ವೈಫೈಯಿಂದ ಡೇಟಾಕ್ಕೆ ದಾಟುವಾಗ, ಫೋನ್ ಆನ್ ಆಗುವಾಗ, ನಡುವಿನ ಗಳಿಗೆಯಲ್ಲಿ ಮಾಹಿತಿ ವಿಪಿಎನ್ ಎಂಬ ಸುರಂಗದ ಹೊರಗೆ ಸೋರಬಹುದು. ಕಂಪನಿಯ ಕಡತ ಕೈಯಲ್ಲಿರುವವರಿಗೆ, ಸುದ್ದಿಮೂಲವನ್ನು ಕಾಪಾಡಬೇಕಾದ ಪತ್ರಕರ್ತರಿಗೆ ಆ ಗಳಿಗೆಯೇ ಅಪಾಯ. ಅವರ ಮಟ್ಟಿಗೆ ಈ ಹಟಮಾರಿತನ ದೊಡ್ಡ ಉಪಕಾರ.

ಆದರೆ ಪಿಂಚಣಿ ನೋಡುವವರ ಫೋನಿನಲ್ಲಿ ಇದನ್ನು ಇಟ್ಟವರು ಯಾರು? ಸಾಧಾರಣ ಆ್ಯಪು ಆಲ್ವೇಸ್ ಆನ್ ಸ್ವಿಚ್ಚನ್ನು ತಾನಾಗಿ ಒತ್ತಲಾರದು. ಮನುಷ್ಯರ ಬೆರಳೇ ಬೇಕು. ಬೆಂಗಳೂರಿನಲ್ಲಿರುವ ಚಿಕ್ಕಮ್ಮನ ಮೊಮ್ಮಗನಿಗೆ ಫೋನ್ ಹಚ್ಚಿದೆವು. ರಜೆಗೆ ಬಂದಾಗ ಅಜ್ಜಿಯ ಫೋನಿನಲ್ಲಿ ಆಟ ಆಡಲು ಈ ವಿಪಿಎನ್ ಹಾಕಿಕೊಂಡಿದ್ದನಂತೆ. ಆ್ಯಪು ಸೆಟ್ಟಿಂಗ್ಸಿಗೆ ಕರೆದೊಯ್ದಿತ್ತು, ಒತ್ತು ಎಂದದ್ದನ್ನೆಲ್ಲ ಒತ್ತಿದ್ದ. ಊರಿಗೆ ಹೋದ ಮೇಲೆ ಮರೆತಿದ್ದ.

*

ವಿಪಿಎನ್ ಇಲ್ಲದ ಸಂಪರ್ಕ ತಡೆಯುವ ಆ ಎರಡನೆಯ ಸ್ವಿಚ್ ಇನ್ನೂ ಗೊಂದಲದ್ದು. ಅದು ಆನ್ ಇದ್ದು ವಿಪಿಎನ್ ಮಾತ್ರ ನಿಂತರೆ ಇಡೀ ಇಂಟರ್ನೆಟ್ ಹೋಗುತ್ತದೆ. ಸಿಗ್ನಲ್ ಕಡ್ಡಿಗಳು ತುಂಬಿರುತ್ತವೆ, ವಾಟ್ಸ್ಆ್ಯಪ್ ಮಾತ್ರ ಸುತ್ತುತ್ತಲೇ ಇರುತ್ತದೆ. ಇಂಥ ಹೊತ್ತಿನಲ್ಲಿ ರೀಚಾರ್ಜ್ ಅಂಗಡಿಗೆ ಓಡುವ ಮೊದಲು ಆ ಹಲ್ಲುಚಕ್ರವನ್ನು ಒತ್ತಿ ನೋಡುವುದು ಲೇಸು.

*

ಪಕ್ಕದ ಮನೆಯವರದು ಐಫೋನ್. ಅವರದೂ ಅದೇ ದೂರು: ‘ಆಫ್ ಮಾಡಿದ್ರೆ ತಾನೇ ಆನ್ ಆಗತ್ತೆ ಸಾರ್.’ ಅಲ್ಲಿ ದಾರಿ ಬೇರೆ. ಸೆಟ್ಟಿಂಗ್ಸ್, ಜನರಲ್, ‘ವಿಪಿಎನ್ ಮತ್ತು ಡಿವೈಸ್ ಮ್ಯಾನೇಜ್‌ಮೆಂಟ್’. ವಿಪಿಎನ್ ಹೆಸರಿನ ಪಕ್ಕದ ‘ಐ’ ಗುರುತು ಒತ್ತಿದರೆ ‘ಕನೆಕ್ಟ್ ಆನ್ ಡಿಮ್ಯಾಂಡ್’ ಕಾಣುತ್ತದೆ. ಅದು ಆನ್ ಇರುವ ತನಕ ಹೊರಗಿನ ಸ್ವಿಚ್ಚನ್ನು ಎಷ್ಟು ಒತ್ತಿದರೂ ಫೋನ್ ಕೇಳುವುದಿಲ್ಲ.

ಡಿವೈಸ್ ಮ್ಯಾನೇಜ್‌ಮೆಂಟ್ ಪುಟದಲ್ಲಿ ಕಂಪನಿಯ ಪ್ರೊಫೈಲ್ ಕಂಡರೆ ಮಾತು ಬೇರೆ. ಅದು ಆಫೀಸಿನ ಐಟಿಯವರು ಇಟ್ಟದ್ದು, ಅವರನ್ನೇ ಕೇಳಬೇಕು. ಆಂಡ್ರಾಯ್ಡಿನ ವರ್ಕ್ ಪ್ರೊಫೈಲಿಗೂ ಇದೇ ನ್ಯಾಯ. ಐಫೋನಿನಲ್ಲಿ ನೆಟ್‌ವರ್ಕ್ ಸೆಟ್ಟಿಂಗ್ಸ್ ರೀಸೆಟ್ ಮಾಡಿದರೆ ಬೇರೆ ವಿಪಿಎನ್‌ಗಳು ಹೋಗುತ್ತವೆ, ಪ್ರೊಫೈಲ್ ಮೂಲಕ ಬಂದವು ಹೋಗುವುದಿಲ್ಲ. ವೈಫೈ ಪಾಸ್‌ವರ್ಡುಗಳಂತೂ ನಾವೇ ಹಾಕಿಕೊಂಡವೆಲ್ಲ ಹೋಗುತ್ತವೆ, ಬರೆದಿಟ್ಟುಕೊಂಡಿರಬೇಕು.

*

ಬೀಗದಕೈ ಕಂಡ ಮಾತ್ರಕ್ಕೆ ಮಾಹಿತಿ ಪರದೇಶಕ್ಕೆ ಹೋಗುತ್ತಿದೆ ಎನ್ನುವ ಹಾಗೂ ಇಲ್ಲ. ನೆಟ್‌ಗಾರ್ಡ್‌ನಂಥ ಆ್ಯಪು ಯಾವ ಆ್ಯಪಿಗೆ ಇಂಟರ್ನೆಟ್ ಬೇಕು, ಯಾವುದಕ್ಕೆ ಬೇಡ ಎಂದು ಸೋಸಲು ವಿಪಿಎನ್ ದಾರಿಯನ್ನೇ ಬಳಸುತ್ತದೆ. ಎಲ್ಲವೂ ಫೋನಿನೊಳಗೇ ನಡೆಯುತ್ತದೆ. ಜಾಹೀರಾತು ತಡೆಯುವ ಹಲವು ಆ್ಯಪುಗಳೂ ಹೀಗೇ. ವಿಪಿಎನ್ ಹಾಕಿಯೇ ಇಲ್ಲ ಎನ್ನುವವರು ಇಂಥದ್ದೇನಾದರೂ ಇದೆಯೇ ಎಂದು ನೋಡಬೇಕು.

*

ಫೋನಿನಿಂದ ಹೊರಗೆ ಹೋಗುವ ಸುರಂಗವಾದರೆ ಮಾತ್ರ ನನಗೆ ಆತಂಕ. ಆ ತುದಿಯಲ್ಲಿ ಯಾರಿದ್ದಾರೆ?

ಓನಾವೊ ನೆನಪಾಗುತ್ತದೆ. ಫೇಸ್‌ಬುಕ್ 2013ರಲ್ಲಿ ಕೊಂಡ ಇಸ್ರೇಲಿ ಕಂಪನಿ. ಅದರ ಉಚಿತ ವಿಪಿಎನ್ ‘ಓನಾವೊ ಪ್ರೊಟೆಕ್ಟ್’ ಮಾಹಿತಿ ಕಾಯುವ ಹೆಸರಿನಲ್ಲಿ ಬಂತು. ಜನ ಬೇರೆ ಯಾವ ಆ್ಯಪನ್ನು ಎಷ್ಟು ಬಳಸುತ್ತಾರೆ ಎಂಬ ಮಾಹಿತಿ ಅದರ ಮೂಲಕ ಫೇಸ್‌ಬುಕ್ಕಿಗೆ ಸೇರುತ್ತಿತ್ತು. 2018ರ ಆಗಸ್ಟಿನಲ್ಲಿ ಆ್ಯಪಲ್ ಆಕ್ಷೇಪದ ಮೇಲೆ ಆ್ಯಪ್ ಸ್ಟೋರಿನಿಂದ ಹೋಯಿತು. ಜನರನ್ನು ತಪ್ಪುದಾರಿಗೆ ಎಳೆದದ್ದಕ್ಕೆ 2023ರ ಜುಲೈನಲ್ಲಿ ಆಸ್ಟ್ರೇಲಿಯಾದ ಫೆಡರಲ್ ಕೋರ್ಟ್ ಫೇಸ್‌ಬುಕ್ಕಿನ ಮಾತೃಸಂಸ್ಥೆ ಮೆಟಾದ ಎರಡು ಅಂಗಸಂಸ್ಥೆಗಳಿಗೆ ಒಟ್ಟು 2 ಕೋಟಿ ಆಸ್ಟ್ರೇಲಿಯನ್ ಡಾಲರ್ ದಂಡ ಹಾಕಿತು.

ಅಂಥ ಸುರಂಗ ಯಾರಿಗೂ ಗೊತ್ತಿಲ್ಲದೆ ತಿಂಗಳುಗಟ್ಟಲೆ ತೆರೆದಿದ್ದರೆ? ಚಿಕ್ಕಮ್ಮನ ಫೋನಿನ ಆ್ಯಪಿನಲ್ಲಿ ಮಾಡಿದವರ ವಿಳಾಸ ಹುಡುಕಿದೆ. ಒಂದು ಇಮೇಲ್ ಬಿಟ್ಟರೆ ಬೇರೇನೂ ಇಲ್ಲ.

*

ಇನ್ನೊಂದು ಆತಂಕವೂ ಇದೆ. ಜಮ್ಮು ಮತ್ತು ಕಾಶ್ಮೀರದ ಕೆಲವು ಜಿಲ್ಲೆಗಳಲ್ಲಿ ವಿಪಿಎನ್ ಬಳಸಬಾರದೆಂದು ಜಿಲ್ಲಾ ಮ್ಯಾಜಿಸ್ಟ್ರೇಟರ ಆದೇಶಗಳು ಬಂದಿವೆ. ಅಲ್ಲಿ ತಾನಾಗಿ ಆನ್ ಆಗುವ ವಿಪಿಎನ್ ಇಟ್ಟುಕೊಂಡು ತಪಾಸಣೆಗೆ ಸಿಕ್ಕವನು, ನಾನು ಹಾಕಿದ್ದಲ್ಲ ಎಂದು ಯಾರಿಗೆ ಒಪ್ಪಿಸಬೇಕು?

*

ಕೊನೆಗೆ ಆ್ಯಪನ್ನೇ ತೆಗೆದುಹಾಕಿದೆವು. ಅನ್‌ಇನ್‌ಸ್ಟಾಲ್ ಆದ ಆ್ಯಪಿನ ವಿಪಿಎನ್ ಉಳಿಯುವುದಿಲ್ಲ. ಅನ್‌ಇನ್‌ಸ್ಟಾಲ್ ಗುಂಡಿ ಮಂಕಾಗಿ ಒತ್ತಲು ಬಾರದಿದ್ದರೆ ಡಿವೈಸ್ ಅಡ್ಮಿನ್ ಪಟ್ಟಿಯಲ್ಲಿ ಆ್ಯಪು ಸೇರಿಕೊಂಡಿದೆಯೇ ನೋಡಿ, ಅಲ್ಲಿಂದ ಬಿಡಿಸಿ ತೆಗೆಯಬೇಕು. ಅದಕ್ಕೂ ಬಗ್ಗದಿದ್ದರೆ ಸೇಫ್ ಮೋಡ್ ಇದೆ. ಅಲ್ಲಿ ನಾವು ಹಾಕಿಕೊಂಡ ಆ್ಯಪುಗಳು ಓಡುವುದಿಲ್ಲ, ನಿರಾತಂಕವಾಗಿ ತೆಗೆಯಬಹುದು.

ಪಿಂಚಣಿ ಜಮಾ ಆಗಿತ್ತು.

ಹಿರಿಯರ ಫೋನಿನಲ್ಲಿ ವಿಪಿಎನ್ ಹಾಕುವ ಮಕ್ಕಳು, ಮೊಮ್ಮಕ್ಕಳು ದಯವಿಟ್ಟು ಇಷ್ಟು ಮಾಡಿ: ಏನು ಹಾಕಿದ್ದೀರೆಂದು ಹೇಳಿ, ಆ ಹಲ್ಲುಚಕ್ರದ ಗುರುತನ್ನು ಅವರ ಬೆರಳಿನಿಂದಲೇ ಒಮ್ಮೆ ಒತ್ತಿಸಿ. ನಿಮ್ಮ ಕೆಲಸ ಮುಗಿದ ಮೇಲೆ, ಊರಿಗೆ ಹೊರಡುವ ಮೊದಲು ತೆಗೆದು ಹೋಗಿ.