ಮಳೆಯ ಲೆಕ್ಕ

ಕೊಡಗಿನ ಕಾಫಿ ತೋಟಗಳಲ್ಲಿ ಮಳೆಯನ್ನು ಇಂಚು, ಸೆಂಟುಗಳಲ್ಲಿ ಅಳೆದು ಬರೆದಿಡುವ ರೂಢಿ ಹಳೆಯದು. ಇಂಚೆಂದರೆ 25.4 ಮಿಲಿಮೀಟರ್, ಅದರ ನೂರನೆಯ ಒಂದು ಭಾಗವೇ ಸೆಂಟು. ಹೂಮಳೆ ಸಾಲುವಷ್ಟು ಸುರಿಯಿತೇ ಎಂದು ತಿಳಿಯಲು ನೆರವಾಗುತ್ತಿದ್ದ ಈ ಲೆಕ್ಕವನ್ನು 2018ರ ಆಗಸ್ಟ್ ಬಳಿಕ ನಾವು ಬೇರೆಯೇ ಕಣ್ಣಿನಿಂದ ನೋಡುತ್ತಿದ್ದೇವೆ. ಆ ತಿಂಗಳು ಮಕ್ಕಂದೂರು, ಜೋಡುಪಾಲಗಳಲ್ಲಿ ಗುಡ್ಡಗಳು ಕುಸಿದವು. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬಳಿ ಬ್ರಹ್ಮಗಿರಿ ಬೆಟ್ಟ ಜರಿಯಿತು.

ಗುಡ್ಡ ಕುಸಿಯುವುದು ಒಂದು ದಿನದ ಮಳೆಯಿಂದಷ್ಟೇ ಅಲ್ಲ; ವಾರಗಟ್ಟಲೆ ನೀರು ಕುಡಿದ ಮಣ್ಣು ಮುಂದಿನ ಮಳೆಯನ್ನು ತಾಳಲಾರದು. ಆದ್ದರಿಂದ ದಿನವೂ ಬೆಳಿಗ್ಗೆ ಒಂದೇ ಹೊತ್ತಿಗೆ, ಮರಗಳಿಂದ ದೂರ ಬಯಲಿನಲ್ಲಿಟ್ಟ ಮಳೆಮಾಪಕದ ನೀರನ್ನು ಅಳೆದು ಹಿಂದಿನ ಮೊತ್ತಕ್ಕೆ ಕೂಡಿಸುತ್ತೇವೆ. ನೆಲದ ಹೊಸ ಬಿರುಕು, ಒಮ್ಮೆಲೇ ಕೆಂಪಾದ ತೊರೆ, ವಾಲಿದ ಮರ ಇವೂ ಅದೇ ಪುಸ್ತಕ ಸೇರುತ್ತವೆ.

ಇದು ತವಕ್ಕುಲ್‌ಗೆ ವಿರುದ್ಧವೆಂದು ಕೆಲವರು ಭಾವಿಸುವುದುಂಟು. ನಾವು ಒಪ್ಪುವುದಿಲ್ಲ. ಆಕಾಶದಿಂದ ನೀರು ಒಂದು ಪ್ರಮಾಣದಲ್ಲಿ ಇಳಿಯುತ್ತದೆಂದು ಪವಿತ್ರ ಕುರ್‌ಆನ್‌ನ ಅಝ್ಝುಖ್ರುಫ್ ಅಧ್ಯಾಯ ತಿಳಿಸುತ್ತದೆ. ಅಲ್ಲಾಹನು ಇಟ್ಟ ಆ ಪ್ರಮಾಣವನ್ನು ಗಮನಿಸುವುದು ಅವಿಶ್ವಾಸ ಹೇಗಾದೀತು? ಅಲ್ಲದೆ, ಇಳಿಜಾರಿನ ಕೆಳಗೆ ನೆರೆಯವರ ಮನೆಗಳಿವೆ. ಮೊತ್ತ ಏರಿದ ದಿನ ಕತ್ತಲಾಗುವ ಮುನ್ನವೇ ಅವರಿಗೆ ಫೋನ್ ಮಾಡುತ್ತೇವೆ.