ಕಿವಿಯೊಳಗಿನ ಹರಳು

ಬೆಳಗಿನ ಜಾವ ಐದು ಗಂಟೆ. ಅಲಾರಂ ಆರಿಸಲೆಂದು ಬಲಮಗ್ಗುಲಿಗೆ ಹೊರಳಿದೆ ನೋಡಿ, ಮಂಚ, ಗೋಡೆ, ಫ್ಯಾನು ಎಲ್ಲವೂ ಗಿರಗಿರನೆ ತಿರುಗಿದವು. ಫ್ಯಾನು ತಿರುಗುವುದು ಅದರ ಧರ್ಮ, ಗೋಡೆಗೇನು ಬಂತು? ಕಣ್ಣು ಮುಚ್ಚಿ ಮಂಚದ ಅಂಚು ಹಿಡಿದುಕೊಂಡೆ. ಅರ್ಧ ನಿಮಿಷದಲ್ಲಿ ಎಲ್ಲ ನಿಂತಿತು. ಎದ್ದು ಅಕ್ಕಿ ತೊಳೆದು ಕುಕ್ಕರ್ ಇಟ್ಟೆ.

ಹೇಳಿಕೊಂಡರೆ ಒಬ್ಬೊಬ್ಬರದು ಒಂದೊಂದು ತೀರ್ಪು. "ಪಿತ್ತ ಕಣೇ, ಜೀರಿಗೆ ಕಷಾಯ ಕುಡಿ" ಎಂದರು ಅತ್ತೆ. "ಬಿ.ಪಿ. ಇರಬೇಕು" ಎಂದು ಇವರು ಪೇಪರಿನ ಹಾಳೆ ಮಗುಚಿದರು. "ಈ ವಯಸ್ಸಿಗೆ ಎಲ್ಲರಿಗೂ ಹೀಗೇ ಮೇಡಂ" ಎಂದಿತು ಸ್ಟಾಫ್‌ರೂಮು. ಹತ್ತಿರದ ಡಾಕ್ಟರೊಬ್ಬರು ಕತ್ತಿನ ಎಕ್ಸ್‌ರೇ ತೆಗೆಸಿ, ಮೂಳೆ ಸವೆದಿದೆಯೆಂದು ಕೊರಳಿಗೆ ಪಟ್ಟಿ ಹಾಕಿಸಿದರು.

ಪಟ್ಟಿ ಹಾಕಿಕೊಂಡೇ ಒಂದು ದಿನ ಬೋರ್ಡಿನ ತುದಿಯಲ್ಲಿ ತಾರೀಖು ಬರೆಯಲು ಕತ್ತೆತ್ತಿದೆ. ಬೋರ್ಡೇ ಮೈಮೇಲೆ ಬಂದಂತಾಯಿತು. ಮುಂದಿನ ಬೆಂಚಿನ ಹುಡುಗಿ ಓಡಿಬಂದು ಕೈ ಹಿಡಿದಳು. ಅಂದಿನಿಂದ ಕೂತೇ ಪಾಠ ಮಾಡಿದೆ, ಕೂತೇ ನಿದ್ದೆ ಮಾಡಿದೆ. ತಲೆಯಲ್ಲಿ ಗಡ್ಡೆಯೇ ಇರಬೇಕೆಂದು ನನ್ನಷ್ಟಕ್ಕೆ ನಿಶ್ಚಯಿಸಿ, ಪಾಸ್‌ಬುಕ್ಕು ಬೀರುವಿನ ಯಾವ ಖಾನೆಯಲ್ಲಿದೆಯೆಂದು ಮಗಳಿಗೆ ಫೋನಿನಲ್ಲಿ ಹೇಳಿದೆ. ಅವಳು ಮರುದಿನವೇ ಬಂದು ನನ್ನನ್ನು ಕಿವಿ-ಮೂಗು-ಗಂಟಲಿನ ಡಾಕ್ಟರಲ್ಲಿಗೆ ಎಳೆದೊಯ್ದಳು.

ಆ ಡಾಕ್ಟರಮ್ಮ ಮೊದಲು ಹೇಳಿದ್ದು, "ತಲೆಸುತ್ತು ಅನ್ನೋ ಪದ ಬಿಟ್ಟು ಹೇಳಿ ಟೀಚರ್." ನನಗೇ ಪರೀಕ್ಷೆ! ಸುತ್ತುವುದು ನೀವೋ, ಕೋಣೆಯೋ? ಎಷ್ಟು ಹೊತ್ತು? ಯಾವ ಮಗ್ಗುಲಿಗೆ? ಕಿವಿ ಮಂದವೇ, ಗುಂಯ್‌ಗುಡುತ್ತದೆಯೇ? ಆಮೇಲೆ ನನ್ನ ಮುಖವನ್ನು ಬಲಕ್ಕೆ ತಿರುಗಿಸಿ, ತಲೆ ಮಂಚದಾಚೆ ಸ್ವಲ್ಪ ಇಳಿಬೀಳುವಂತೆ ಸರಕ್ಕನೆ ಮಲಗಿಸಿ, ಕಣ್ಣನ್ನೇ ನೋಡುತ್ತ ನಿಂತರು. ಲೋಕ ತಿರುಗಿತು, ನನ್ನ ಕಣ್ಣುಗುಡ್ಡೆಗಳು ಕುಣಿದುವಂತೆ. "ಸಿಕ್ಕಿತು!" ಎಂದರು. 1952ರಲ್ಲಿ ಮಾರ್ಗರೆಟ್ ಡಿಕ್ಸ್ ಎಂಬ ವೈದ್ಯೆ ಹಾಲ್‌ಪೈಕ್ ಅವರೊಂದಿಗೆ ವಿವರಿಸಿದ ಪರೀಕ್ಷೆ ಇದು. ಮಂಚ ಬಿಟ್ಟರೆ ಬೇರೆ ಯಂತ್ರವೇ ಬೇಡ.

ಒಳಗಿವಿಯಲ್ಲಿ ದ್ರವ ತುಂಬಿದ ಮೂರು ಬಾಗಿದ ಕೊಳವೆಗಳಿವೆ. ತಲೆ ಎತ್ತ ತಿರುಗಿತೆಂದು ಮಿದುಳಿಗೆ ವರದಿ ಒಪ್ಪಿಸುವುದು ಅವುಗಳ ಕೆಲಸ. ಪಕ್ಕದ ಪುಟ್ಟ ಚೀಲದಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟಿನ, ಅಂದರೆ ಸುಣ್ಣದಕಲ್ಲಿನ ಜಾತಿಯ, ಸೂಕ್ಷ್ಮ ಹರಳುಗಳು. ಅವು ಜಾರಿ ಕೊಳವೆಗೆ ಬಿದ್ದರೆ ವರದಿ ತಪ್ಪಾಗುತ್ತದೆ. ವಯಸ್ಸು, ತಲೆಗೆ ಬಿದ್ದ ಪೆಟ್ಟು, ಬಹುದಿನ ಹಾಸಿಗೆ ಹಿಡಿದದ್ದು, ಹೀಗೆ ಕಾರಣ ಹಲವು. ಎಷ್ಟೋ ಸಲ ಕಾರಣವೇ ಸಿಗುವುದಿಲ್ಲ. ಐವತ್ತು ದಾಟಿದ ಹೆಂಗಸರಲ್ಲಿ ಹೆಚ್ಚು.

ಹೊರಳಿದಾಗ ಕೆಲವು ಸೆಕೆಂಡು ತಿರುಗಿದರೆ ಸಾಮಾನ್ಯವಾಗಿ ಈ ಹರಳು. ಗಂಟೆಗಟ್ಟಲೆ ತಿರುಗಿ, ಜೊತೆಗೆ ಕಿವಿ ಮಂದವಾಗಿ ಮೊರೆದರೆ ಮೆನಿಯರ್ ಕಾಯಿಲೆಯ ಸಂಶಯ. ದಿನಗಟ್ಟಲೆ ಬಿಡದಿದ್ದರೆ ಒಳಗಿವಿಯ ನರದ ಉರಿಯೂತವಿರಬಹುದು. ಆದರೆ ಮಾತು ತೊದಲಿದರೆ, ಎರಡೆರಡು ಕಂಡರೆ, ಕೈಕಾಲು ಸೋತರೆ, ಇದ್ದಕ್ಕಿದ್ದಂತೆ ಕಿವಿ ಕೇಳದಾದರೆ ಕಷಾಯ ಕಾಯಿಸುತ್ತ ಕೂರಬಾರದು. ತಕ್ಷಣ ಆಸ್ಪತ್ರೆಗೆ ಓಡಬೇಕು.

ಡಾಕ್ಟರಮ್ಮ ಎಪ್ಲಿ ವಿಧಾನದಿಂದ ನನ್ನ ತಲೆಯನ್ನು ಹಂತಹಂತವಾಗಿ ಹೊರಳಿಸಿ ಹರಳನ್ನು ಸ್ವಸ್ಥಾನಕ್ಕೆ ಕಳಿಸಿದರು. ಐದೇ ನಿಮಿಷ. ಮೂರು ತಿಂಗಳ ಭಯಕ್ಕೆ ಐದು ನಿಮಿಷದ ಮದ್ದು! ಮತ್ತೆ ಬರಬಹುದು, ಬಂದರೆ ಬನ್ನಿ ಎಂದರು. ಪಟ್ಟಿಯನ್ನು ಅಟ್ಟಕ್ಕೆ ಹಾಕಿದೆ.

ಮೊನ್ನೆ ಅತ್ತೆ, "ನಂಗೂ ತಲೆಸುತ್ತು ಕಣೇ" ಎಂದರು. ಜೀರಿಗೆ ಡಬ್ಬಿಗೆ ಹೋದ ಕೈ ಹಿಂದೆ ಬಂತು. "ಯಾವ ಮಗ್ಗುಲಿಗೆ ಅತ್ತೆ? ಎಷ್ಟು ಹೊತ್ತು?"

"ಮಗ್ಗುಲಿಗಲ್ಲ, ಎದ್ದು ನಿಂತ್ರೆ ಕಣ್ಣು ಕತ್ತಲೆ ಬರುತ್ತೆ."

"ಹಾಗಾದ್ರೆ ಕಿವಿಯದಲ್ಲ ಬಿಡಿ. ನಡೀರಿ, ಮೊದಲು ಬಿ.ಪಿ. ನೋಡಿಸೋಣ" ಎಂದೆ. ಇವರು ಪೇಪರಿನಿಂದ ತಲೆಯೆತ್ತಿ, "ನಾನು ಅವತ್ತೇ ಹೇಳಿದ್ದೆ" ಎಂದರು!